ಯಾರ ಸ್ವತ್ತೂ ಅಲ್ಲದ ಮತ: ಮಂಡ್ಯದ ನಾಲ್ಕು ತಾಲ್ಲೂಕುಗಳ ಯುವಜನ ಮತ್ತು ಬೇರೂರಿದ ರಾಜಕಾರಣ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ (ಕೆ.ಆರ್.ಪೇಟೆ) ಮತ್ತು ನಾಗಮಂಗಲ ಮಂಡ್ಯ ಜಿಲ್ಲೆಯ ಪಶ್ಚಿಮ ಮತ್ತು ಉತ್ತರ ಭಾಗದ ನಾಲ್ಕು ತಾಲ್ಲೂಕುಗಳು. ಕಳೆದ ಆರು ದಶಕಗಳಲ್ಲಿ ಇಲ್ಲಿ ಮತ್ತು ಸುತ್ತಲಿನ ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ನಡೆದ ಚುನಾವಣೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಯಾವ ಪಕ್ಷ ಅಥವಾ ಮನೆತನ ಇಲ್ಲಿನ ಮತವನ್ನು ತನ್ನ ಸ್ವತ್ತೆಂದು ನಂಬಿತೋ ಅದು ಹೆಚ್ಚು ಕಾಲ ಕಳೆಯುವ ಮೊದಲೇ ಸೋಲುಂಡಿದೆ. ಮತ ಎಣಿಸುವಾಗ ವಯಸ್ಸು ಕೇಳುವ ಪದ್ಧತಿಯಿಲ್ಲ. ಆದರೆ ಕರಪತ್ರ ಹಂಚಿದವರು, ಬೈಕ್ ರ್‍ಯಾಲಿ ಹೊರಟವರು, ನಾಲೆಯ ಏರಿಯ ಮೇಲೆ ಧರಣಿ ಕೂತವರು, ಅರಳಿಕಟ್ಟೆಯಲ್ಲಿ ಹಿರಿಯರೊಡನೆ ವಾದಕ್ಕೆ ನಿಂತವರು ಯಾರೆಂಬುದು ಊರಿಗೆಲ್ಲ ಕಂಡ ವಿಷಯ. ಈ ಸೋಲು ಗೆಲುವುಗಳ ಮುಂಚೂಣಿಯಲ್ಲಿ ಇದ್ದವರು ಯುವಜನ.

ನಾಲ್ಕೂ ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಬಹುಭಾಗ ನಾಲೆ ಬಯಲು. 1911ರಲ್ಲಿ ಕೆಲಸ ಆರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿದ ಕೃಷ್ಣರಾಜಸಾಗರ, ಅದರಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮತ್ತು ಅದಕ್ಕಿಂತ ಹಳೆಯ ನಾಲೆಗಳು ಈ ಬಯಲಿಗೆ ಭತ್ತ ಮತ್ತು ಕಬ್ಬನ್ನು ಕೊಟ್ಟವು. ನಾಗಮಂಗಲದ ಹೆಚ್ಚಿನ ಭೂಮಿ ಮಳೆಯನ್ನೇ ನಂಬಿದ ಬೆದ್ದಲು. ರಾಗಿ, ಹುರುಳಿ, ತೆಂಗು ಅಲ್ಲಿನ ಬದುಕು. ಕೆ.ಆರ್.ಪೇಟೆಯಲ್ಲಿ ಹೇಮಾವತಿಯ ನೀರು ಮುಟ್ಟಿದ ಊರುಗಳೂ ಇವೆ, ಮುಟ್ಟದ ಊರುಗಳೂ ಇವೆ. ನೀರಿಲ್ಲದ ಊರುಗಳ ಹುಡುಗರು ಮುಂಬೈಯ ಹೋಟೆಲುಗಳಿಗೆ, ಬೆಂಗಳೂರಿನ ಕಾರ್ಖಾನೆ ಮತ್ತು ಆಟೊ ನಿಲ್ದಾಣಗಳಿಗೆ ಹೋದರು. ನೀರಿದ್ದ ಊರುಗಳ ಹುಡುಗರು ನಾಲೆಯ ಸರದಿ ಮತ್ತು ಕಬ್ಬಿನ ಬಾಕಿಗೆ ಕಾದರು. ಇವರ ರಾಜಕೀಯ ಸಿಟ್ಟಿನ ಬೇರು ಈ ಎರಡು ಕಾಯುವಿಕೆಗಳಲ್ಲಿದೆ.

ಬಾವುಟದಿಂದ ಮತಪೆಟ್ಟಿಗೆಗೆ

ಮಂಡ್ಯ ಜಿಲ್ಲೆ ಮೈಸೂರಿನಿಂದ ಬೇರೆಯಾಗಿ ರೂಪುಗೊಂಡದ್ದು 1939ರ ಜುಲೈ 1ರಂದು. ಅದಕ್ಕೂ ಒಂದು ವರ್ಷ ಮೊದಲು, 1938ರ ಏಪ್ರಿಲ್‌ನಲ್ಲಿ, ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಇದ್ದ ನಿಷೇಧವನ್ನು ಮುರಿದ ಈ ಹೋರಾಟಕ್ಕೆ ಸುತ್ತಲಿನ ಹಳ್ಳಿಗಳ ಒಕ್ಕಲು ಮಕ್ಕಳು ಗುಂಪುಗುಂಪಾಗಿ ಬಂದರು. 1947ರ ‘ಮೈಸೂರು ಚಲೋ’ ಚಳವಳಿಯಲ್ಲಿ ಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ಬೀದಿಗಿಳಿದರು. ಜವಾಬ್ದಾರಿ ಸರ್ಕಾರ ಬೇಕೆಂದು ಕೂಗಿದ ಆ ತಲೆಮಾರೇ ಸ್ವಾತಂತ್ರ್ಯದ ನಂತರ ಅಧಿಕಾರಕ್ಕೆ ಬಂದಿತು. ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಎಂ.ಕೆ.ಶಿವನಂಜಪ್ಪ 1952ರಿಂದ 1967ರವರೆಗೆ ಸತತ ನಾಲ್ಕು ಬಾರಿ ಕಾಂಗ್ರೆಸ್ಸಿನಿಂದ ಗೆದ್ದರು. ಬಾವುಟ ಹಿಡಿದವರ ಪಕ್ಷವೇ ಒಂದು ದಶಕದೊಳಗೆ ಊರಿನ ಯಜಮಾನಿಕೆಯೂ ಆಯಿತು.

ಆ ಯಜಮಾನಿಕೆಗೆ ಮೊದಲ ಪೆಟ್ಟು ಬಿದ್ದದ್ದು 1962ರಲ್ಲಿ, ನೆರೆಯ ಮದ್ದೂರು ವಿಧಾನಸಭಾ ಕ್ಷೇತ್ರದಲ್ಲಿ. ಶಿವಪುರ ಸತ್ಯಾಗ್ರಹದ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಕಾಂಗ್ರೆಸ್ಸಿನ ಎಚ್.ಕೆ.ವೀರಣ್ಣಗೌಡರ ಎದುರು ಸೋಮನಹಳ್ಳಿಯ ಎಸ್.ಎಂ.ಕೃಷ್ಣ ಪಕ್ಷೇತರರಾಗಿ ನಿಂತರು. 1932ರ ಮೇ 1ರಂದು ಹುಟ್ಟಿದ ಕೃಷ್ಣ ಅವರಿಗೆ ಆಗ 30 ತುಂಬಿರಲಿಲ್ಲ. ಅಮೆರಿಕದಲ್ಲಿ ಕಾನೂನು ಓದುತ್ತಿದ್ದಾಗ, 1960ರ ಅಧ್ಯಕ್ಷೀಯ ಚುನಾವಣೆಯಲ್ಲಿ, ಅವರು ಜಾನ್ ಎಫ್. ಕೆನಡಿ ಪರವಾಗಿ ಭಾರತೀಯ ಮೂಲದವರು ಹೆಚ್ಚಾಗಿದ್ದ ಪ್ರದೇಶಗಳಲ್ಲಿ ಪ್ರಚಾರ ಮಾಡಿದ್ದರು. ಕೆನಡಿ ಅದಕ್ಕೆ ಮೆಚ್ಚುಗೆಯ ಪತ್ರವನ್ನೂ ಬರೆದಿದ್ದರು. ನಲವತ್ಮೂರರ ಅಭ್ಯರ್ಥಿಯೊಬ್ಬ ಹಳೆಯ ತಲೆಮಾರನ್ನು ಬದಿಗೆ ಸರಿಸಿದ್ದನ್ನು ಹತ್ತಿರದಿಂದ ಕಂಡವರು ಅದೇ ಕೆಲಸವನ್ನು ತಮ್ಮ ತಾಲ್ಲೂಕಿನಲ್ಲಿ ಮಾಡಿದರು. ಕಾಂಗ್ರೆಸ್ ಅಭ್ಯರ್ಥಿಯ ಪರವಾಗಿ ಪ್ರಧಾನಿ ಜವಾಹರಲಾಲ್ ನೆಹರೂ ಅವರೇ ಬಂದು ಪ್ರಚಾರ ಮಾಡಿದರೂ ಗೆದ್ದವರು ಕೃಷ್ಣ. ಶಿವನಂಜಪ್ಪನವರ ನಿಧನದ ನಂತರ 1968ರಲ್ಲಿ ನಡೆದ ಲೋಕಸಭಾ ಉಪಚುನಾವಣೆಯಲ್ಲಿ ಅವರು ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಗೆದ್ದರು. ಈ ಬಾರಿ ನಾಲ್ಕು ತಾಲ್ಲೂಕುಗಳ ಮತವೂ ಆ ಲೆಕ್ಕದೊಳಗಿತ್ತು.

ಅದೇ ಕೃಷ್ಣ 1971ರಲ್ಲಿ ಕಾಂಗ್ರೆಸ್ಸಿನಿಂದ ಲೋಕಸಭೆಗೆ ಆರಿಸಿ ಹೋದರು, 1999ರಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿಯಾದರು. ಹಳೆಯ ಯಜಮಾನಿಕೆಯನ್ನು ಮುರಿದವರು ಮುಂದೆ ತಾವೇ ಹೊಸ ಯಜಮಾನಿಕೆಯಾಗುವ ಈ ದಾರಿ ಜಿಲ್ಲೆಯಲ್ಲಿ ಮುಂದೆಯೂ ಹಲವು ಬಾರಿ ಮರಳಿತು.

ಹಸಿರು ಶಾಲು ಮತ್ತು ಹದಿನೆಂಟರ ಹಕ್ಕು

1980ರಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರು ಸಿಡಿದೆದ್ದ ಬೆನ್ನಿಗೇ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. ಕಬ್ಬಿನ ಬೆಲೆ, ನೀರಿನ ಕರ, ಸಾಲ ವಸೂಲಿಯ ಜಪ್ತಿ, ಕಚೇರಿಗಳ ಲಂಚ ಇವೆಲ್ಲ ಪಾಂಡವಪುರದ ನಾಲೆ ಬಯಲಿಗೆ ದಿನನಿತ್ಯದ ಸಂಗತಿಗಳಾಗಿದ್ದವು. ಹಾಗಾಗಿ ಸಂಘ ಇಲ್ಲಿ ಬೇಗ ಬೇರು ಬಿಟ್ಟಿತು. ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವರ ಮಕ್ಕಳು ಹಸಿರು ಶಾಲು ಹೆಗಲಿಗೆ ಹಾಕಿಕೊಂಡು ಅದೇ ಕಚೇರಿಯೊಳಗೆ ಹೋಗಿ ಲೆಕ್ಕ ಕೇಳಿದರು. ಕ್ಯಾತನಹಳ್ಳಿಯ ಕೆ.ಎಸ್.ಪುಟ್ಟಣ್ಣಯ್ಯ ಈ ತಲೆಮಾರಿನ ದನಿಯಾದರು. ಹಳ್ಳಿಯ ಗಾದೆ, ಹೊಲದ ಲೆಕ್ಕ, ಸಂವಿಧಾನದ ಮಾತು ಮೂರನ್ನೂ ಬೆರೆಸಿ ಅವರು ಆಡುತ್ತಿದ್ದ ಭಾಷಣ ಕೇಳಲು ಹುಡುಗರು ಊರಿಂದೂರಿಗೆ ಹೋಗುತ್ತಿದ್ದರು.

ಅದೇ ದಶಕದಲ್ಲಿ ರಾಜ್ಯ ರಾಜಕಾರಣವೂ ಮಗ್ಗುಲು ಬದಲಿಸಿತು. 1983ರಲ್ಲಿ ರಾಮಕೃಷ್ಣ ಹೆಗಡೆ ನೇತೃತ್ವದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. 1984ರ ಡಿಸೆಂಬರ್‌ನಲ್ಲಿ ಇಂದಿರಾ ಗಾಂಧಿಯವರ ಹತ್ಯೆಯ ಅನುಕಂಪದಿಂದ ಕಾಂಗ್ರೆಸ್ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಗೆದ್ದರೂ ಮಂಡ್ಯ ಜನತಾ ಪಕ್ಷದ ಕೆ.ವಿ.ಶಂಕರಗೌಡರನ್ನು ಆರಿಸಿತು. ದೇಶವೆಲ್ಲ ಒಂದು ದಿಕ್ಕಿಗೆ ವಾಲಿದಾಗ ಇಲ್ಲಿನ ಮತ ಇನ್ನೊಂದು ದಿಕ್ಕಿಗೆ ನಿಂತಿತು. 1987ರ ಮಂಡಲ ಪಂಚಾಯಿತಿ ಚುನಾವಣೆಗಳು ಅಧಿಕಾರವನ್ನು ಇನ್ನೂ ಕೆಳಕ್ಕೆ ತಂದವು. ಹಿಂದೆ ಪಟೇಲ, ಶಾನುಭೋಗರ ಮನೆಯಲ್ಲಿ ತೀರ್ಮಾನವಾಗುತ್ತಿದ್ದ ಊರ ವ್ಯವಹಾರಕ್ಕೆ ಸಾಮಾನ್ಯ ಒಕ್ಕಲು ಮನೆಗಳ, ದಲಿತ ಕೇರಿಗಳ ಹುಡುಗರೂ ಬಂದು ಕೂತರು.

ಸಂವಿಧಾನದ 61ನೆಯ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿ 1989ರ ಮಾರ್ಚ್ 28ರಂದು ಜಾರಿಗೆ ಬಂದಿತು. ಅಮೆರಿಕದಲ್ಲಿ ಈ ಹಕ್ಕು 1971ರಲ್ಲಿ ಬಂದಾಗ ಅದರ ಹಿಂದೆ ವಿಯೆಟ್ನಾಂ ಯುದ್ಧವಿತ್ತು. ಯುದ್ಧಕ್ಕೆ ಕಳಿಸಬಹುದಾದ ಹುಡುಗನಿಗೆ ಮತ ಯಾಕಿಲ್ಲ ಎಂಬ ಪ್ರಶ್ನೆಯಿತ್ತು. ಮಂಡ್ಯದ ಹಳ್ಳಿಗಳಲ್ಲಿ ಹದಿನೆಂಟಕ್ಕೆ ಮೊದಲೇ ನೇಗಿಲು ಹಿಡಿದ, ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಟ್ಟ ಮಕ್ಕಳಿಗೆ ಈ ಹಕ್ಕು ಯಾವ ಪ್ರತ್ಯೇಕ ಹೋರಾಟವೂ ಇಲ್ಲದೆ ಬಂದಿತು. 1989ರ ನವೆಂಬರ್‌ನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಚುನಾವಣೆ ನಡೆದಾಗ ಅವರು ಮೊದಲ ಬಾರಿ ಮತಗಟ್ಟೆಗೆ ಹೋದರು. ಕಾಂಗ್ರೆಸ್ ರಾಜ್ಯದಲ್ಲಿ 178 ಸ್ಥಾನ ಗೆದ್ದ ಆ ವರ್ಷವೂ ನಾಗಮಂಗಲ ಯಾವ ದೊಡ್ಡ ಪಕ್ಷಕ್ಕೂ ಒಲಿಯಲಿಲ್ಲ. ಅಲ್ಲಿ ಎಲ್.ಆರ್.ಶಿವರಾಮೇಗೌಡ ಪಕ್ಷೇತರರಾಗಿ ಗೆದ್ದರು, 1994ರಲ್ಲಿಯೂ ಪಕ್ಷೇತರರಾಗಿಯೇ ಮರಳಿದರು.

ಕಾವೇರಿಯ ದಶಕ

1990ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ರಚನೆಯಾಯಿತು. 1991ರ ಜೂನ್ 25ರಂದು ಅದು ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಬಿಡಬೇಕೆಂಬ ಮಧ್ಯಂತರ ಆದೇಶ ಕೊಟ್ಟಿತು. ಆಗ ಮಂಡ್ಯದ ಸಂಸದರಾಗಿದ್ದ ಕಾಂಗ್ರೆಸ್ಸಿನ ಜಿ.ಮಾದೇಗೌಡರು ಪಕ್ಷದ ಚೌಕಟ್ಟನ್ನು ಮೀರಿ ಚಳವಳಿಯ ಮುಂದಾಳಾದರು. ಮುಂದೆ ದಶಕಗಳ ಕಾಲ ಕಾವೇರಿ ಹಿತರಕ್ಷಣಾ ಸಮಿತಿ ಅವರ ಹೆಸರಿನೊಡನೆಯೇ ಗುರುತಾಯಿತು. ಆ ಕಾಲದಲ್ಲಿ ಬೆಳೆದ ಹುಡುಗರಿಗೆ ರಾಜಕೀಯದ ಮೊದಲ ಪಾಠ ಸಿಕ್ಕಿದ್ದು ಹೆದ್ದಾರಿ ತಡೆಯಲ್ಲಿ. ಜಲಾಶಯದ ಮಟ್ಟ ಎಷ್ಟು ಅಡಿ, ಒಳಹರಿವು ಎಷ್ಟು ಕ್ಯೂಸೆಕ್ ಎಂಬುದು ಕ್ರಿಕೆಟ್ ಸ್ಕೋರಿನಷ್ಟೇ ಬಾಯಿಪಾಠವಾಗಿತ್ತು. ನಾಯಕರನ್ನು ಅಳೆಯುವ ಕೋಲೂ ಅದೇ ಆಯಿತು. ನೀರಿನ ವಿಷಯದಲ್ಲಿ ಕುರ್ಚಿ ಬಿಟ್ಟವನು ದೊಡ್ಡವನು, ಕುರ್ಚಿ ಹಿಡಿದು ಕೂತವನು ಸಣ್ಣವನು.

1994ರ ವಿಧಾನಸಭಾ ಚುನಾವಣೆಯಲ್ಲಿ ಜನತಾದಳ 115 ಸ್ಥಾನಗಳೊಡನೆ ಅಧಿಕಾರಕ್ಕೆ ಬಂದಿತು. ಹರದನಹಳ್ಳಿ ದೇವೇಗೌಡರು ಮುಖ್ಯಮಂತ್ರಿಯಾಗಿ, 1996ರ ಜೂನ್ 1ರಂದು ಪ್ರಧಾನಿಯಾದರು. ನೆರೆಯ ಹಾಸನದ ರೈತನ ಮಗ ಕೆಂಪುಕೋಟೆಯ ಮೇಲೆ ನಿಂತದ್ದು ಒಕ್ಕಲಿಗರೇ ಹೆಚ್ಚಾಗಿರುವ ಈ ತಾಲ್ಲೂಕುಗಳಲ್ಲಿ ಒಂದು ಇಡೀ ತಲೆಮಾರನ್ನು ದಳದ ಕಡೆಗೆ ಎಳೆಯಿತು. ಆದರೆ 1994ರ ಅದೇ ಅಲೆಯ ನಡುವೆ ಪಾಂಡವಪುರ ಪುಟ್ಟಣ್ಣಯ್ಯನವರನ್ನು ಗೆಲ್ಲಿಸಿತು. ಆ ವಿಧಾನಸಭೆಯಲ್ಲಿ ರೈತ ಸಂಘದ ಏಕೈಕ ಶಾಸಕ ಅವರು. ಹಣ ಹಂಚದೆ, ಸೈಕಲ್ಲು ಮತ್ತು ಮೆರವಣಿಗೆಯಲ್ಲಿ ನಡೆದ ಆ ಚುನಾವಣೆಯ ನೆನಪು ತಾಲ್ಲೂಕಿನಲ್ಲಿ ಇಂದಿಗೂ ಹಸಿರಾಗಿದೆ.

1996ರಲ್ಲಿ ಮಂಡ್ಯದಿಂದ ಲೋಕಸಭೆಗೆ ಆಯ್ಕೆಯಾದವರು ಜನತಾದಳದ ಕೆ.ಆರ್.ಪೇಟೆ ಕೃಷ್ಣ. ಸರಳತೆಗೆ ಹೆಸರಾದ ಅವರು ಮುಂದೆ ವಿಧಾನಸಭಾಧ್ಯಕ್ಷರೂ ಆದರು. 1998ರಲ್ಲಿ ಬೇರೊಂದು ಬಗೆಯ ಜನಪ್ರಿಯತೆ ಕಣಕ್ಕಿಳಿಯಿತು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯಲ್ಲಿ ಹುಟ್ಟಿದ ನಟ ಅಂಬರೀಶ್ ಜನತಾದಳದಿಂದ ಗೆದ್ದು, 1999 ಮತ್ತು 2004ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. ‘ಮಂಡ್ಯದ ಗಂಡು’ ಎಂಬ ಚಿತ್ರದ ಹೆಸರೇ ಅವರ ಬಿರುದಾಗಿತ್ತು. ಪಕ್ಷ ಬದಲಾದರೂ ಮತ ಅವರ ಬೆನ್ನಿಗೆ ಬಂದದ್ದು ಯುವಕರು ಪಕ್ಷಕ್ಕಿಂತ ಮನುಷ್ಯನನ್ನು ನಂಬುತ್ತಾರೆ ಎಂಬುದಕ್ಕೆ ಸಾಕ್ಷಿಯಾಯಿತು. 2007ರ ಫೆಬ್ರುವರಿಯಲ್ಲಿ ನ್ಯಾಯಮಂಡಳಿಯ ಅಂತಿಮ ತೀರ್ಪು ಕರ್ನಾಟಕಕ್ಕೆ 270 ಟಿಎಂಸಿ ಅಡಿ ನಿಗದಿ ಮಾಡಿದಾಗ ಅಂಬರೀಶ್ ಕೇಂದ್ರದ ರಾಜ್ಯ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಮಂಡ್ಯದ ಅಳತೆಗೋಲಿನಲ್ಲಿ ಅದು ದೊಡ್ಡ ಸಂಗತಿ.

ಅಭಿಮಾನ ಬೇರೆ, ಮತ ಬೇರೆ

ಆದರೂ ಮರುವರ್ಷವೇ ಒಂದು ಪಾಠ ಕಾದಿತ್ತು. 2008ರಲ್ಲಿ ಅಂಬರೀಶ್ ಶ್ರೀರಂಗಪಟ್ಟಣ ವಿಧಾನಸಭಾ ಕ್ಷೇತ್ರದಿಂದ ನಿಂತು ದೇವೇಗೌಡರ ಜಾತ್ಯತೀತ ಜನತಾದಳದ ರಮೇಶ ಬಂಡಿಸಿದ್ದೇಗೌಡರ ಎದುರು ಸೋತರು. 2009ರ ಲೋಕಸಭಾ ಚುನಾವಣೆಯಲ್ಲಿ ಅದೇ ಪಕ್ಷದ, ನಾಗಮಂಗಲದ ಎನ್.ಚಲುವರಾಯಸ್ವಾಮಿ ಅಂಬರೀಶ್ ಅವರನ್ನು ಸೋಲಿಸಿದರು. ಅಭಿಮಾನಿ ಸಂಘದ ಬೋರ್ಡು ನೆಟ್ಟ ಹುಡುಗನೇ ಮತಗಟ್ಟೆಯೊಳಗೆ ಬೇರೆ ಗುಂಡಿ ಒತ್ತಬಲ್ಲ ಎಂಬುದು ಈ ಎರಡು ಫಲಿತಾಂಶಗಳಿಂದ ತಿಳಿಯಿತು. ಸಿನಿಮಾ ನೋಡಲು ಕೊಡುವ ಚೀಟಿ ಒಂದು, ಊರಿಗೆ ಕೆಲಸ ಮಾಡಲು ಕೊಡುವ ಚೀಟಿ ಇನ್ನೊಂದು.

2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಪಾಂಡವಪುರ ಕ್ಷೇತ್ರ ಮೇಲುಕೋಟೆ ಎಂಬ ಹೆಸರು ಪಡೆಯಿತು. 2013ರ ಮೇ ತಿಂಗಳಲ್ಲಿ ಪುಟ್ಟಣ್ಣಯ್ಯ ಸರ್ವೋದಯ ಕರ್ನಾಟಕ ಪಕ್ಷದಿಂದ ನಿಂತು, ದಳದ ಸಿ.ಎಸ್.ಪುಟ್ಟರಾಜು ಅವರನ್ನು ಸೋಲಿಸಿ, ಮತ್ತೆ ವಿಧಾನಸಭೆಗೆ ಬಂದರು. ಅದೇ ಚುನಾವಣೆಯಲ್ಲಿ ಚಲುವರಾಯಸ್ವಾಮಿ ಶಾಸಕರಾಗಿ ಆಯ್ಕೆಯಾಗಿ ಸಂಸತ್ ಸ್ಥಾನ ಬಿಟ್ಟುಕೊಟ್ಟದ್ದರಿಂದ ಆಗಸ್ಟ್‌ನಲ್ಲಿ ಲೋಕಸಭಾ ಉಪಚುನಾವಣೆ ನಡೆಯಿತು. ಕಾಂಗ್ರೆಸ್ ನಟಿ ರಮ್ಯಾ ಅವರನ್ನು ನಿಲ್ಲಿಸಿತು. ಮೂವತ್ತು ವರ್ಷದ ಅಭ್ಯರ್ಥಿ, ಎದುರಿಗೆ ಪುಟ್ಟರಾಜು. ಕಾಲೇಜು ಹುಡುಗ ಹುಡುಗಿಯರು ಸಭೆಗಳಿಗೆ ಮುಗಿಬಿದ್ದರು, ರಮ್ಯಾ ಗೆದ್ದರು. ಎಂಟೇ ತಿಂಗಳ ನಂತರ, 2014ರ ಸಾರ್ವತ್ರಿಕ ಚುನಾವಣೆಯಲ್ಲಿ, ಅದೇ ಇಬ್ಬರು ಮತ್ತೆ ಎದುರಾದಾಗ ಪುಟ್ಟರಾಜು 5,518 ಮತಗಳಿಂದ ಗೆದ್ದರು. ಹೊಸಬರಿಗೆ ಅವಕಾಶ ಕೊಡಲು ಹಿಂಜರಿಯದ ಮತದಾರ, ಅವಕಾಶ ಹಿಂತೆಗೆದುಕೊಳ್ಳುವುದಕ್ಕೂ ಹಿಂಜರಿಯಲಿಲ್ಲ.

ಇದೇ ಕಾಲದಲ್ಲಿ ಹಳ್ಳಿಗಳ ಒಳಗೆ ಬೇರೊಂದು ಬವಣೆ ಬೆಳೆಯುತ್ತಿತ್ತು. 2015ರ ಜೂನ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕಬ್ಬು ಬೆಳೆಗಾರರೊಬ್ಬರು ಉರಿಯುತ್ತಿದ್ದ ತಮ್ಮದೇ ಕಬ್ಬಿನ ಗದ್ದೆಯಲ್ಲಿ ಪ್ರಾಣ ಬಿಟ್ಟರು. ಮುಂದಿನ ತಿಂಗಳುಗಳಲ್ಲಿ ಜಿಲ್ಲೆಯಲ್ಲಿ ರೈತರ ಆತ್ಮಹತ್ಯೆಗಳ ಸುದ್ದಿ ಸಾಲುಸಾಲಾಗಿ ಬಂದಿತು. ಪಾಂಡವಪುರ ಸಹಕಾರ ಸಕ್ಕರೆ ಕಾರ್ಖಾನೆ ನಿಂತುಹೋಯಿತು. 2020ರಲ್ಲಿ ಅದನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಡಲಾಯಿತು. ಕಾರ್ಖಾನೆಯ ಕೊಳವೆಯಲ್ಲಿ ಹೊಗೆ ಕಾಣದ ವರ್ಷಗಳಲ್ಲಿ ಓದಿದ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದರು. ಸರ್ಕಾರಗಳು ಬದಲಾದರೂ ಊರು ಬಿಡುವವರ ಸಂಖ್ಯೆ ಇಳಿಯದಿದ್ದಾಗ, ಯಾರು ಬಂದರೂ ಇಷ್ಟೇ ಎಂಬ ಬೇಸರ ಯುವಕರ ಮಾತಿನಲ್ಲಿ ಗಟ್ಟಿಯಾಯಿತು.

ಆರು ತಿಂಗಳಲ್ಲಿ ತಿರುಗಿದ ಗಾಳಿ

2018ರ ಫೆಬ್ರುವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಹೃದಯಾಘಾತವಾಗಿ ಪುಟ್ಟಣ್ಣಯ್ಯ ತೀರಿಕೊಂಡರು. ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮ ನಡೆಸುತ್ತಿದ್ದ ಅವರ ಮಗ ದರ್ಶನ್ ಊರಿಗೆ ಬಂದು ಮೇ ತಿಂಗಳ ಚುನಾವಣೆಯಲ್ಲಿ ಸ್ವರಾಜ್ ಇಂಡಿಯಾ ಪಕ್ಷದಿಂದ ನಿಂತರು. ಕಾಂಗ್ರೆಸ್ ಅಭ್ಯರ್ಥಿಯನ್ನು ಹಾಕದೆ ಬೆಂಬಲಿಸಿದರೂ ಪುಟ್ಟರಾಜು ಗೆದ್ದರು. ಆ ವರ್ಷ ಜಿಲ್ಲೆಯ ಏಳಕ್ಕೆ ಏಳೂ ಸ್ಥಾನ ಜಾತ್ಯತೀತ ಜನತಾದಳದ ಪಾಲಾಯಿತು. 2016ರ ರಾಜ್ಯಸಭಾ ಚುನಾವಣೆಯಲ್ಲಿ ಪಕ್ಷದ ಮಾತು ಮೀರಿ ಮತ ಹಾಕಿ, ಮುಂದೆ ಕಾಂಗ್ರೆಸ್ ಸೇರಿದ್ದ ಚಲುವರಾಯಸ್ವಾಮಿ ನಾಗಮಂಗಲದಲ್ಲಿ, ರಮೇಶ ಬಂಡಿಸಿದ್ದೇಗೌಡ ಶ್ರೀರಂಗಪಟ್ಟಣದಲ್ಲಿ ಸೋತರು. ಪುಟ್ಟರಾಜು ಸಂಸತ್ ಸ್ಥಾನ ಬಿಟ್ಟದ್ದರಿಂದ ನಡೆದ ನವೆಂಬರ್‌ನ ಲೋಕಸಭಾ ಉಪಚುನಾವಣೆಯಲ್ಲಿ ದಳದ ಅಭ್ಯರ್ಥಿಯಾಗಿದ್ದ ಶಿವರಾಮೇಗೌಡರಿಗೆ ದೊರೆತ ಅಂತರ 3,24,943 ಮತ. ಮಂಡ್ಯ ದಳದ ಕೋಟೆ ಎಂಬ ಮಾತಿಗೆ ಎದುರು ಮಾತೇ ಇಲ್ಲದಂತಾಯಿತು.

ಅದೇ ತಿಂಗಳ 24ರಂದು ಅಂಬರೀಶ್ ತೀರಿಕೊಂಡರು. 2019ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಮತ್ತು ದಳದ ಮೈತ್ರಿ ಮುಖ್ಯಮಂತ್ರಿ ಎಚ್.ಡಿ.ಕುಮಾರಸ್ವಾಮಿಯವರ ಮಗ ನಿಖಿಲ್ ಅವರನ್ನು ಅಭ್ಯರ್ಥಿಯೆಂದು ಘೋಷಿಸಿತು. ಅಂಬರೀಶ್ ಅವರ ಪತ್ನಿ, ನಟಿ ಸುಮಲತಾ ಪಕ್ಷೇತರರಾಗಿ ನಿಂತರು. ಭಾರತೀಯ ಜನತಾ ಪಕ್ಷ ಅಭ್ಯರ್ಥಿ ಹಾಕದೆ ಅವರನ್ನು ಬೆಂಬಲಿಸಿತು, ರೈತ ಸಂಘವೂ ಜೊತೆ ನಿಂತಿತು. ನಿಖಿಲ್ ಸ್ವತಃ ಯುವಕ, ನಟ. ಹಾಗಿದ್ದೂ ಯುವಕರ ಕಣ್ಣಿಗೆ ಅವರು ಹಳೆಯ ಅಧಿಕಾರದ ಅಭ್ಯರ್ಥಿಯಾಗಿ ಕಂಡರು. ಅಜ್ಜ ಮಾಜಿ ಪ್ರಧಾನಿ, ತಂದೆ ಮುಖ್ಯಮಂತ್ರಿ, ದೊಡ್ಡಪ್ಪ ಸಚಿವರು. ಹಾಸನದಲ್ಲಿ ದೊಡ್ಡಪ್ಪನ ಮಗ ಪ್ರಜ್ವಲ್ ಅಭ್ಯರ್ಥಿ. ಜಿಲ್ಲೆಯಲ್ಲಿ ಪಕ್ಷಕ್ಕೆ ದುಡಿದ ಯಾರೂ ಇರಲಿಲ್ಲವೇ ಎಂಬ ಪ್ರಶ್ನೆ ಅರಳಿಕಟ್ಟೆಗಳಲ್ಲಿ ಎದ್ದಿತು.

ಸುಮಲತಾ ಪಾಳಯ ಆರಿಸಿಕೊಂಡ ಪದ ‘ಸ್ವಾಭಿಮಾನ’. ನಟರಾದ ದರ್ಶನ್ ಮತ್ತು ಯಶ್ ‘ಜೋಡೆತ್ತು’ಗಳಂತೆ ಹಳ್ಳಿಹಳ್ಳಿ ಸುತ್ತಿದರು. ಗಂಡನನ್ನು ಕಳೆದುಕೊಂಡ ಹೆಂಗಸು ಇಷ್ಟು ಬೇಗ ಚುನಾವಣೆಗೆ ಬರಬೇಕಿತ್ತೇ ಎಂಬ ಅರ್ಥದ ಮಾತು ಎದುರು ಪಾಳಯದಿಂದ ಬಂದಾಗ ಹೆಂಗಸರು, ಅದರಲ್ಲೂ ಓದಿದ ಹೆಣ್ಣುಮಕ್ಕಳು, ಅದನ್ನು ತಮಗಾದ ಅವಮಾನವೆಂದೇ ಭಾವಿಸಿದರು. ಚಿತ್ರವೊಂದರ ಸಮಾರಂಭದಲ್ಲಿ ಕುಮಾರಸ್ವಾಮಿ ಮಗನನ್ನು ಕರೆದಿದ್ದ ‘ನಿಖಿಲ್ ಎಲ್ಲಿದ್ದೀಯಪ್ಪ’ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿ ರಾಜ್ಯವನ್ನೆಲ್ಲ ಸುತ್ತಿತು. ಹಿಂದೆ ಊರ ಮುಖಂಡನೊಬ್ಬನನ್ನು ಒಲಿಸಿಕೊಂಡರೆ ಊರಿನ ಮತ ಬರುತ್ತದೆ ಎಂಬ ಲೆಕ್ಕವಿತ್ತು. ಮುಖಂಡನ ಮನೆಯ ಹುಡುಗನೇ ತನ್ನ ಕೈಯಲ್ಲಿನ ಫೋನಿನಿಂದ ಬೇರೆ ಸುದ್ದಿ ಹಂಚತೊಡಗಿದಾಗ ಆ ಲೆಕ್ಕ ತಪ್ಪಿತು.

ಏಪ್ರಿಲ್ 18ರಂದು ನಡೆದ ಮತದಾನ ಶೇಕಡ 80ನ್ನು ದಾಟಿತು. ಮತಯಂತ್ರದಲ್ಲಿ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಅಭ್ಯರ್ಥಿಗಳಿದ್ದರು. ಕಹಳೆ ಊದುವ ಮನುಷ್ಯನ ಗುರುತನ್ನು ಮನೆಮನೆಗೆ ತಲುಪಿಸುವ ಕೆಲಸವನ್ನು ಹೆಚ್ಚಾಗಿ ಹುಡುಗರೇ ಮಾಡಿದರು. ಓದು ಬಾರದ ಅಜ್ಜಿಯರಿಗೆ ಫೋನಿನಲ್ಲಿ ಚಿತ್ರ ತೋರಿಸಿ ಹೇಳಿಕೊಟ್ಟರು. ಸುಮಲತಾ 7,03,660 ಮತ, ನಿಖಿಲ್ 5,77,784 ಮತ ಪಡೆದರು. ಅಂತರ 1,25,876. ಕೇವಲ ಆರು ತಿಂಗಳ ಹಿಂದೆ ಮೂರು ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದಿದ್ದ ಪಕ್ಷ, ಎಲ್ಲ ಶಾಸಕರೂ ತನ್ನವರೇ ಆಗಿದ್ದಾಗ, ಅಧಿಕಾರದಲ್ಲಿದ್ದುಕೊಂಡೇ ಸೋತಿತು. 1967ರಲ್ಲಿ ಕೆನರಾದಿಂದ ದಿನಕರ ದೇಸಾಯಿ ಗೆದ್ದ ಮೇಲೆ ಕರ್ನಾಟಕದಿಂದ ಪಕ್ಷೇತರರೊಬ್ಬರು ಲೋಕಸಭೆಗೆ ಹೋದದ್ದು 52 ವರ್ಷಗಳ ನಂತರ.

ವರ್ಷದ ಕೊನೆಗೆ ಕೆ.ಆರ್.ಪೇಟೆಯಲ್ಲಿ ಮತ್ತೊಂದು ತಿರುವು. ಮುಂಬೈಯಲ್ಲಿ ಹೋಟೆಲ್ ಉದ್ಯಮ ನಡೆಸಿ ಬಂದಿದ್ದ ದಳದ ಶಾಸಕ ಕೆ.ಸಿ.ನಾರಾಯಣಗೌಡ ಜುಲೈನಲ್ಲಿ ಮೈತ್ರಿ ಸರ್ಕಾರವನ್ನು ಉರುಳಿಸಿದ ಶಾಸಕರ ಗುಂಪಿನಲ್ಲಿದ್ದರು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅವರು ಬಿಜೆಪಿಯಿಂದ ನಿಂತು ಗೆದ್ದರು. ಮಂಡ್ಯ ಜಿಲ್ಲೆಯಲ್ಲಿ ಆ ಪಕ್ಷದ ಮೊದಲ ಗೆಲುವು ಅದು. ಬಿ.ಎಸ್.ಯಡಿಯೂರಪ್ಪ ಹುಟ್ಟಿದ ಬೂಕನಕೆರೆ ಅದೇ ತಾಲ್ಲೂಕಿನಲ್ಲಿದೆ. ಊರಿನ ಮಗ ಮುಖ್ಯಮಂತ್ರಿ ಎಂಬ ಮಾತು, ಅವರ ಮಗ ಬಿ.ವೈ.ವಿಜಯೇಂದ್ರ ತಾಲ್ಲೂಕಿನಲ್ಲೇ ಬೀಡುಬಿಟ್ಟು ಕಟ್ಟಿದ ಬೂತ್ ಮಟ್ಟದ ಯುವಪಡೆ ಎರಡೂ ಅಲ್ಲಿ ಕೆಲಸ ಮಾಡಿದವು.

ಪಾದಯಾತ್ರೆ, ಮದುವೆ ಮತ್ತು 2023

2022ರ ಅಕ್ಟೋಬರ್‌ನಲ್ಲಿ ರಾಹುಲ್ ಗಾಂಧಿಯವರ ಭಾರತ್ ಜೋಡೊ ಯಾತ್ರೆ ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ ತಾಲ್ಲೂಕುಗಳ ಮೂಲಕವೇ ಹಾದುಹೋಯಿತು. ಅಕ್ಟೋಬರ್ 6ರಂದು ಪಾಂಡವಪುರ ತಾಲ್ಲೂಕಿನ ಜಕ್ಕನಹಳ್ಳಿಯ ಬಳಿ ಸೋನಿಯಾ ಗಾಂಧಿ ಜೊತೆಯಾದರು. ಕುಮಾರಸ್ವಾಮಿಯವರ ಪಂಚರತ್ನ ರಥಯಾತ್ರೆ ಆ ಚಳಿಗಾಲದಲ್ಲಿ ಜಿಲ್ಲೆಯ ಹಳ್ಳಿಗಳಲ್ಲಿ ತಂಗಿತು. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಮಂಡ್ಯದಲ್ಲಿ ರೋಡ್ ಶೋ ನಡೆಸಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು ಉದ್ಘಾಟಿಸಿದರು. ಮೂರೂ ಪಕ್ಷಗಳಿಗೂ ಈ ಜಿಲ್ಲೆಯ ಯುವಕರು ಬೇಕಾಗಿದ್ದರು.

ಯುವಕರಿಗೆ ಏನು ಬೇಕಾಗಿತ್ತು ಎಂಬುದು ರೋಡ್ ಶೋಗಳಾಚೆ ಕಾಣಿಸಿತು. 2022ರ ನವೆಂಬರ್‌ನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಒಕ್ಕಲಿಗ ವಧು-ವರರ ಸಮಾವೇಶ ನಡೆದಾಗ ಸುಮಾರು 250 ಯುವತಿಯರ ಎದುರು 11 ಸಾವಿರಕ್ಕೂ ಹೆಚ್ಚು ಯುವಕರು ಬಂದರು. ಬೇಸಾಯ ನಂಬಿದ ಹುಡುಗನಿಗೆ ಹೆಣ್ಣು ಕೊಡಲು ಮನೆಗಳು ಹಿಂಜರಿಯುತ್ತಿದ್ದವು. ಇದಕ್ಕೆ ಹಿಂದಿನ ತಲೆಮಾರಿನಲ್ಲಿ ನಡೆದ ಹೆಣ್ಣು ಭ್ರೂಣಹತ್ಯೆಯ ಪಾಪವೂ ಸೇರಿಕೊಂಡಿತ್ತು. ಮರುವರ್ಷ ಮಂಡ್ಯದ ಆಲೆಮನೆಯೊಂದರಲ್ಲೇ ಭ್ರೂಣಲಿಂಗ ಪತ್ತೆಯ ಜಾಲ ಬಯಲಾದಾಗ ಆ ಪಾಪ ಇನ್ನೂ ನಿಂತಿಲ್ಲ ಎಂಬುದು ತಿಳಿಯಿತು. 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಯುವಕರ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟಿತು. ಏಪ್ರಿಲ್‌ನಲ್ಲಿ ಕುಮಾರಸ್ವಾಮಿ ಕೋಲಾರದ ಸಭೆಯಲ್ಲಿ ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ 2 ಲಕ್ಷ ರೂಪಾಯಿ ನೀಡುವ ಭರವಸೆ ಕೊಟ್ಟರು. ಬೇಸಾಯದ ಆದಾಯ, ಊರಲ್ಲಿ ಕೆಲಸ, ಗಂಡು ಹೆಣ್ಣಿನ ಲೆಕ್ಕ ಇವು ಒಂದೇ ಗಂಟಿನ ಎಳೆಗಳು ಎಂಬುದನ್ನು ಚುನಾವಣೆ ಹೀಗೆ ಒಪ್ಪಿಕೊಂಡಿತು.

ಶ್ರೀರಂಗಪಟ್ಟಣದ ಚರಿತ್ರೆಯೂ ಆ ವರ್ಷ ಪ್ರಚಾರಕ್ಕೆ ಬಂದಿತು. 1799ರ ಮೇ 4ರಂದು ಬ್ರಿಟಿಷರು ಕೋಟೆ ಹಿಡಿದಾಗ ಮಡಿದ ಟಿಪ್ಪು ಸುಲ್ತಾನನನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗರು ಎಂಬ ಆಧಾರವಿಲ್ಲದ ಕಥೆಯನ್ನು ಕೆಲವರು ಎತ್ತಿದರು. ಪ್ರಧಾನಿ ಬರುವ ದಾರಿಯಲ್ಲಿ ಆ ಹೆಸರಿನ ಸ್ವಾಗತ ಕಮಾನು ಎದ್ದು, ವಿರೋಧ ಬಂದ ಮೇಲೆ ಇಳಿಯಿತು. ಈ ಹೆಸರಿನಲ್ಲಿ ಸಿನಿಮಾ ಮಾಡುವ ಯೋಜನೆಯನ್ನು ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರ ಮಾತಿನ ಮೇರೆಗೆ ಕೈಬಿಡಲಾಯಿತು.

ಮೇ ತಿಂಗಳ ಫಲಿತಾಂಶದಲ್ಲಿ ಬಿಜೆಪಿಗೆ ಜಿಲ್ಲೆಯಲ್ಲಿ ಒಂದೂ ಸ್ಥಾನ ಸಿಗಲಿಲ್ಲ. ಐದು ವರ್ಷದ ಹಿಂದೆ ಏಳೂ ಸ್ಥಾನ ಗೆದ್ದಿದ್ದ ದಳಕ್ಕೆ ಉಳಿದದ್ದು ಕೆ.ಆರ್.ಪೇಟೆಯಲ್ಲಿ ಎಚ್.ಟಿ.ಮಂಜು ಅವರದೊಂದೇ. ನಾಗಮಂಗಲದಲ್ಲಿ ಚಲುವರಾಯಸ್ವಾಮಿ, ಶ್ರೀರಂಗಪಟ್ಟಣದಲ್ಲಿ ರಮೇಶ ಬಂಡಿಸಿದ್ದೇಗೌಡ ಕಾಂಗ್ರೆಸ್ಸಿನಿಂದ ಮರಳಿದರು; ಜಿಲ್ಲೆಯಲ್ಲಿ ಕಾಂಗ್ರೆಸ್ಸಿಗೆ ಐದು ಸ್ಥಾನ. ಮೇಲುಕೋಟೆಯಲ್ಲಿ ದರ್ಶನ್ ಪುಟ್ಟಣ್ಣಯ್ಯ ಸರ್ವೋದಯ ಕರ್ನಾಟಕ ಪಕ್ಷದಿಂದ ಪುಟ್ಟರಾಜು ಅವರನ್ನು ಸೋಲಿಸಿದರು. ನೆರೆಯ ರಾಮನಗರದಲ್ಲಿ ನಿಖಿಲ್ ಎರಡನೆಯ ಬಾರಿ ಸೋತರು.

2024 ಮತ್ತು ಉಳಿದ ಲೆಕ್ಕ

2023ರ ಮಳೆಗಾಲ ಕೈಕೊಟ್ಟು, ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿಗಾಗಿ ಮಂಡ್ಯ ಬಂದ್ ನಡೆಯಿತು. 2024ರ ಲೋಕಸಭಾ ಚುನಾವಣೆಯಲ್ಲಿ ದಳ ಬಿಜೆಪಿಯ ಜೊತೆಗಿತ್ತು. ಸುಮಲತಾ ಬಿಜೆಪಿ ಸೇರಿ ಕ್ಷೇತ್ರವನ್ನು ಬಿಟ್ಟುಕೊಟ್ಟರು. ಕುಮಾರಸ್ವಾಮಿ ಸ್ವತಃ ನಿಂತು ಕಾಂಗ್ರೆಸ್ಸಿನ ವೆಂಕಟರಮಣೇಗೌಡರನ್ನು 2,84,620 ಮತಗಳಿಂದ ಸೋಲಿಸಿ, ಕೇಂದ್ರದಲ್ಲಿ ಭಾರಿ ಕೈಗಾರಿಕೆ ಮತ್ತು ಉಕ್ಕು ಸಚಿವರಾದರು. ವರ್ಷದ ಹಿಂದೆ ಜಿಲ್ಲೆಯಲ್ಲಿ ಐದು ಶಾಸಕರನ್ನು ಗೆಲ್ಲಿಸಿಕೊಂಡಿದ್ದ ಕಾಂಗ್ರೆಸ್ ಸೋತಿತು. ಐದು ವರ್ಷದ ಹಿಂದೆ ಮಗನನ್ನು ಸೋಲಿಸಿದ್ದ ಕ್ಷೇತ್ರ ತಂದೆಯನ್ನು ಗೆಲ್ಲಿಸಿತು.

ಇದೇ ವರ್ಷಗಳಲ್ಲಿ ಧರ್ಮದ ಹೆಸರಿನ ಸಂಘಟನೆಗಳೂ ಹಳ್ಳಿಯ ಹುಡುಗರನ್ನು ಸೆಳೆದವು. 2024ರ ಜನವರಿಯಲ್ಲಿ ಮಂಡ್ಯ ತಾಲ್ಲೂಕಿನ ಕೆರಗೋಡಿನಲ್ಲಿ ಹನುಮಧ್ವಜದ ವಿವಾದ ಎದ್ದಿತು. ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟವು. ಊರಿನ ಹೋರಾಟ ನೀರು ಮತ್ತು ಬೆಳೆಯ ಸುತ್ತ ಇದ್ದಾಗ ಎಲ್ಲ ಕೇರಿಗಳೂ ಒಂದೇ ಏರಿಯ ಮೇಲೆ ಕೂರುತ್ತಿದ್ದವು. ಗುರುತು ಧರ್ಮದ್ದಾದಾಗ ಕೇರಿ ಕೇರಿಗೆ ಬೇರೆ ದಾರಿಯಾಯಿತು.

1962ರಿಂದ 2024ರವರೆಗಿನ ಈ ದಾಖಲೆಯಲ್ಲಿ ಯುವಕರು ರಾಜಕೀಯಕ್ಕೆ ಬೆನ್ನು ಹಾಕಿದ ಕಾಲ ಒಂದೂ ಇಲ್ಲ. ಕಾಂಗ್ರೆಸ್ಸಿನ ಹಿರಿಯರು, ತೆರೆಯ ನಾಯಕ, ಮುಖ್ಯಮಂತ್ರಿಯ ಮಗ, ಪಕ್ಷ ಬಿಟ್ಟ ಶಾಸಕರು ಎಲ್ಲರಿಗೂ ಅವರು ಸೋಲಿನ ರುಚಿ ತೋರಿಸಿದ್ದಾರೆ. ಆದರೆ ಸೋತವರ ಜಾಗಕ್ಕೆ ಬಂದವರಲ್ಲಿ ಹೆಚ್ಚಿನವರು ಮತ್ತೆ ಅವೇ ಕೆಲವು ಮನೆಗಳಿಂದ ಬಂದರು. ಶ್ರೀರಂಗಪಟ್ಟಣದಲ್ಲಿ ಬಂಡಿಸಿದ್ದೇಗೌಡ ಮತ್ತು ಶ್ರೀಕಂಠಯ್ಯ ಕುಟುಂಬಗಳ ನಡುವೆ, ನಾಗಮಂಗಲದಲ್ಲಿ ಚಲುವರಾಯಸ್ವಾಮಿ ಮತ್ತು ದಳದ ಸುರೇಶ್ ಗೌಡರ ನಡುವೆ ಆಯ್ಕೆ ತಿರುಗುತ್ತಲೇ ಇದೆ. ಪಾಂಡವಪುರದಲ್ಲಿ ಗೆದ್ದದ್ದು ಮಗನಾದರೂ ಅವರ ಹಿಂದೆ ನಲವತ್ತು ವರ್ಷ ಹೆಗಲು ಕೊಟ್ಟ ಸಂಘಟನೆಯೊಂದಿದೆ. ಅದು ಇಲ್ಲಿನ ದೊಡ್ಡ ವ್ಯತ್ಯಾಸ. ಸಂಘಟನೆ ಇದ್ದಲ್ಲಿ ಯುವಕರು ಚುನಾವಣೆ ಮುಗಿದ ಮೇಲೂ ಶಾಸಕನನ್ನು ಪ್ರಶ್ನಿಸುವ ವೇದಿಕೆ ಉಳಿದಿದೆ. ಇಲ್ಲದಲ್ಲಿ ಅವರ ಸಿಟ್ಟು ಐದು ವರ್ಷಕ್ಕೊಮ್ಮೆ ಒತ್ತುವ ಒಂದು ಗುಂಡಿಗೆ ಮುಗಿದಿದೆ. 2019ರಲ್ಲಿ ಮೊದಲ ಮತ ಹಾಕಿದ ಹದಿನೆಂಟರ ಹುಡುಗ ಹುಡುಗಿಯರಿಗೆ 2024ರಲ್ಲಿ ಇಪ್ಪತ್ಮೂರು. ಆ ಐದು ವರ್ಷಗಳಲ್ಲಿ ಅವರು ಕಂಡ ಶಾಸಕರು, ಸಂಸದರು, ಸರ್ಕಾರಗಳು ಹಲವು. ಊರಿನಲ್ಲೇ ಒಂದು ಕೆಲಸ, ಕಬ್ಬಿಗೆ ಕಾಲಕ್ಕೆ ಸರಿಯಾಗಿ ಹಣ, ನಾಲೆಯ ಕೊನೆಯ ಗದ್ದೆಗೂ ನೀರು ಎಂಬ ಬೇಡಿಕೆ ಮಾತ್ರ ಅವರ ಅಪ್ಪಂದಿರು ಹಸಿರು ಶಾಲು ಹೊದ್ದ ದಿನ ಬರೆದ ಹಾಳೆಯಲ್ಲಿ ಇದ್ದಂತೆಯೇ ಇದೆ.